ಧಾರವಾಡದ ವಿದ್ವತ್ಪರಂಪರೆಯಲ್ಲಿ ಪ್ರಮಾಣವಿಚಾರ

೧

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯ ಮೇಲೆ ರಾಯಾಪುರವೆಂಬ ಊರೊಂದಿರುವುದು. ಈಗ ಅದು ಅವಳಿನಗರದಲ್ಲಿ ಸೇರಿಹೋಗಿದೆ. ಈ ಹೆಸರಿಗೆ ಅರ್ಥವೇನೆಂದು ಕೇಳಿದರೆ ಉತ್ತರವು ನಾಲಗೆಯ ತುದಿಯಲ್ಲಿಯೇ ಇರುವುದು: ರಾಯನೆಂದರೆ ಅರಸು, ಪುರವೆಂದರೆ ಪಟ್ಟಣ, ಆದುದರಿಂದ ರಾಯಾಪುರವು ಅರಸನ ಪಟ್ಟಣ. ಇಷ್ಟಕ್ಕೆ ತೃಪ್ತಿಹೊಂದದವನು ಆ ಅರಸನು ಯಾರು, ಅವನು ಇಲ್ಲಿ ಏಕೆ ಬೀಡುಬಿಟ್ಟನು, ಪಟ್ಟಣವು ಹೇಗೆ ಹಾಳಾಯಿತು ಎಂದು ಮುಂದುವರಿದನೆಂದರೆ ಒಂದು ಗಳಿಗೆಯಲ್ಲಿ ಸ್ಥಳಪುರಾಣವು ಸಿದ್ಧವಾಗುವುದು.

ಆದರೆ ಶಬ್ದವನ್ನು ತುಸು ನಿಧಾನಿಸಿ ನೋಡಿದೊಡನೆ ಈ ಕಟ್ಟಡವು ಅಲುಗುವುದು. ‘ರಾಯ’ ಎಂಬುದು ‘ರಾಜ’ ಶಬ್ದದ ತದ್ಭವವೆಂಬುದು ನಿಜ. ಆದರೆ ಈ ತದ್ಭವವು ವಿಜಯನಗರದ ಅರಸರಿಗೆ ಬಿರುದಾದಂತೆಯೇ ನಾಡಿನ ಸಣ್ಣ ಒಡೆಯರಿಗೂ ಗೌರವಸೂಚಕವಾಯಿತು. ರಾಯಪ್ಪ, ರಾಯಣ್ಣ ಎಂದು ಸಾಮಾನ್ಯ ಜನರ ಹೆಸರಿನಲ್ಲಿಯೂ ನೆಲೆಸಿತು. ಇನ್ನು ನಡುವಣ ದೀರ್ಘದ ಮಾತು. ಸಂಸ್ಕೃತ ಸಮಾಸದ ಕ್ರಮದಂತೆ ‘ರಾಯಪುರ’ವೆಂದಾಗಬೇಕಾದುದು ‘ರಾಯಾಪುರ’ವಾಗಿದೆ. ಇದರಲ್ಲಿ ಗೂಢಾರ್ಥವನ್ನು ಹುಡುಕುವುದು ವ್ಯರ್ಥ. ಮಲ್ಲಾಪುರ, ಕೃಷ್ಣಾಪುರ, ಸಿದ್ದಾಪುರಗಳಲ್ಲಿಯೂ ಇದೇ ದೀರ್ಘವು ಕಾಣುವುದು. ಹೀಗೆ ಹೆಸರೊಂದೇ ಕೈಯಲ್ಲಿರುವಾಗ ಅರಸನೂ ಊರೊಡೆಯನೂ ರಾಯಪ್ಪನೂ ಸಮಾನವಾದ ಹಕ್ಕಿನಿಂದ ಮುಂದೆ ಬಂದು ನಿಲ್ಲುವರು. ಅವರಲ್ಲೊಬ್ಬನನ್ನು ಆರಿಸಬೇಕಾದರೆ ಕಲ್ಲಿನಲ್ಲಿಯೋ ಓಲೆಯಲ್ಲಿಯೋ ದಫ್ತರದಲ್ಲಿಯೋ ಬೇರೊಂದು ಸಾಕ್ಷಿಯು ದೊರೆಯಬೇಕು.

ಪೂರ್ವಮೀಮಾಂಸೆಯನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂದು ಜೈಮಿನಿಯು ಆರು ಪ್ರಮಾಣಗಳನ್ನು ಎಣಿಸಿ, ಅವು ಒಂದಕ್ಕೊಂದು ವಿರೋಧಿಸಿದಾಗ ಪೂರ್ವಪೂರ್ವವು ಪ್ರಬಲವೆಂದೂ ಉತ್ತರೋತ್ತರವು ದುರ್ಬಲವೆಂದೂ ನಿರ್ಣಯಿಸಿದನು. ನೇರವಾದ ನುಡಿಯಾದ ಶ್ರುತಿಯು ಎಲ್ಲಕ್ಕೂ ಬಲವತ್ತರ. ಹೆಸರಿನ ವ್ಯುತ್ಪತ್ತಿಯಿಂದ ಬರುವ ಸಮಾಖ್ಯೆಯು ಎಲ್ಲಕ್ಕೂ ದುರ್ಬಲ. ಯಜ್ಞವಿಧಿಗಳ ಅನ್ವಯಕ್ಕಾಗಿ ಹುಟ್ಟಿದ ಈ ನಿಯಮವು ಇತಿಹಾಸಸಂಶೋಧನೆಗೂ ದಾರಿದೀಪವಾಗಬಲ್ಲುದು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಧ್ಯಾಪಕರೂ ಅಲ್ಲಿ ಕಲಿತವರೂ ಕನ್ನಡಕ್ಕೆ ಮಾಡಿದ ಸೇವೆಯನ್ನು ಗ್ರಂಥಗಳ ಸಂಖ್ಯೆಯಿಂದಲೂ ಪದವಿ ಪ್ರಶಸ್ತಿಗಳಿಂದಲೂ ಅಳೆಯುವ ವಾಡಿಕೆಯುಂಟು. ಆ ಅಳತೆಯು ಸಾಲದು. ಅವರ ಮುಖ್ಯ ಸಾಧನೆಯು ಪ್ರಮಾಣಗಳಲ್ಲಿ ತಾರತಮ್ಯವನ್ನು ಸ್ಥಾಪಿಸಿದುದು. ಅವರ ಪರಂಪರೆಯಲ್ಲಿ ದೋಷವಿದ್ದರೆ ಅದು ಆ ತಾರತಮ್ಯವು ಸಡಿಲಿದೆಡೆಯಲ್ಲಿಯೇ ಇರುವುದು. ಆ ಪರಂಪರೆಗೆ ಒದಗಿದ ಮಹಾವಿಪತ್ತೂ ಪ್ರಮಾಣದ ಸ್ಥಾನದಲ್ಲಿ ಬಲವನ್ನು ಕೂರಿಸಿದುದೇ ಆಗಿದೆ. ಈ ಮೂರು ಅಂಶಗಳು ಇಲ್ಲಿ ವಿಚಾರಣೀಯವಾಗಿವೆ.

೨

ಧಾರವಾಡದಲ್ಲಿ ಉಚ್ಚಶಿಕ್ಷಣಕ್ಕೆ ೧೯೧೭ರಲ್ಲಿ ಪ್ರಾರಂಭವಾದ ಕರ್ನಾಟಕ ಕಾಲೇಜು ಅಡಿಗಲ್ಲಾಯಿತು. ಮುಂಬಯಿ ಸರಕಾರವು ೧೯೩೯ರಲ್ಲಿ ಇಲ್ಲಿಯೇ ಕನ್ನಡ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿತು. ಆರ್. ಎಸ್. ಪಂಚಮುಖಿಯವರು ಅದರ ಮೊದಲ ನಿರ್ದೇಶಕರಾಗಿ ಶಾಸನಗಳನ್ನೂ ಓಲೆಗರಿಗಳನ್ನೂ ಪ್ರಾಚೀನ ವಸ್ತುಗಳನ್ನೂ ಕೂಡಿಹಾಕುವ ಕಾರ್ಯವನ್ನು ಕೈಕೊಂಡರು. ಸಂಸ್ಥೆಯ ಶಾಸನಮಾಲೆಯ ಮೊದಲ ಸಂಪುಟವು ೧೯೪೧ರಲ್ಲಿ ಹೊರಬಿದ್ದಿತು. ವಿಶ್ವವಿದ್ಯಾಲಯವು ೧೯೪೯ರಲ್ಲಿ ಕಾಯದೆಯಿಂದ ಹುಟ್ಟಿ, ೧೯೫೦ರಲ್ಲಿ ಧಾರವಾಡಕ್ಕೆ ಬಂದು ನೆಲೆಗೊಂಡಿತು. ೧೯೫೪ರಿಂದ ೧೯೬೭ರವರೆಗೆ ಗಣಿತಜ್ಞರಾದ ಡಿ. ಸಿ. ಪಾವಟೆಯವರು ಕುಲಪತಿಗಳಾಗಿದ್ದು ಅದಕ್ಕೆ ನೆಲವನ್ನೂ ಕಟ್ಟಡವನ್ನೂ ವಿದ್ವಾಂಸರನ್ನೂ ಒದಗಿಸಿದರು. ಸಂಶೋಧನ ಸಂಸ್ಥೆಯೂ ತರುವಾಯ ವಿಶ್ವವಿದ್ಯಾಲಯದ ಅಂಗವಾಯಿತು.

ಈ ಪೂರ್ವಾಪರವು ಗಮನಾರ್ಹವಾದುದು. ಧಾರವಾಡದಲ್ಲಿ ವಿಶ್ವವಿದ್ಯಾಲಯಕ್ಕಿಂತ ಶಾಸನಶಾಲೆಯು ಹತ್ತು ವರುಷ ಹಿರಿಯದು. ಇಲ್ಲಿ ಕಾವ್ಯವನ್ನು ಓದಲು ಬಂದ ವಿದ್ಯಾರ್ಥಿಗೆ ಪಕ್ಕದ ಮನೆಯಲ್ಲಿಯೇ ಶಾಸನದ ಅಚ್ಚುಪ್ರತಿಗಳೂ ಓಲೆಯ ಕಟ್ಟುಗಳೂ ಕಾಣುತ್ತಿದ್ದುವು. ಕಾವ್ಯದಲ್ಲಿ ಓದಿದ ಮಾತನ್ನು ಕಲ್ಲಿನಲ್ಲಿ ಒರೆದು ನೋಡುವ ಅಭ್ಯಾಸವು ಅವನಿಗೆ ಬುದ್ಧಿವಾದದಿಂದಲ್ಲ, ನೆರೆಹೊರೆಯಿಂದ ಬಂದಿತು.

ಇದಕ್ಕೆ ಪಿ. ಬಿ. ದೇಸಾಯಿಯವರ ಕೆಲಸವು ಒಳ್ಳೆಯ ನಿದರ್ಶನ. ಶಾಸನತಜ್ಞರಾಗಿ ಪಳಗಿದ ಇವರು ದಕ್ಷಿಣಭಾರತದ ಜೈನಧರ್ಮವನ್ನು ಕುರಿತ ಗ್ರಂಥವನ್ನು ೧೯೫೭ರಲ್ಲಿ ಪ್ರಕಟಿಸಿದರು. ಅನಂತರ ಧಾರವಾಡದ ಸಂಶೋಧನ ಸಂಸ್ಥೆಯಲ್ಲಿದ್ದು ಬಸವೇಶ್ವರರನ್ನೂ ಅವರ ಕಾಲವನ್ನೂ ಕುರಿತ ಇಂಗ್ಲಿಷ್ ಗ್ರಂಥವನ್ನು ೧೯೬೮ರಲ್ಲಿ ಹೊರತಂದರು. ಬಸವಣ್ಣನವರ ಚರಿತ್ರೆಯು ಬಹುಕಾಲ ಹರಿಹರನ ರಗಳೆಯನ್ನೂ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನೂ ೧೩೬೯ರ ಭೀಮಕವಿಯ ಕನ್ನಡ ಬಸವಪುರಾಣವನ್ನೂ ನೆಚ್ಚಿ ನಿಂತಿದ್ದಿತು. ಬೆಳಗಾವಿ ಜಿಲ್ಲೆಯ ಅರ್ಜುನವಾಡದ ಶಾಸನವಾದರೋ ೧೨೬೦ರದು. ಭೀಮಕವಿಗಿಂತ ನೂರು ವರುಷಕ್ಕೂ ಮೇಲ್ಪಟ್ಟು ಹಳೆಯದು. ಅದರಲ್ಲಿ ಸಂಗನ ಬಸವನ ಹೆಸರೂ ಅವನ ಅಗ್ರಜನಾದ ದೇವರಾಜಮುನಿಯ ಹೆಸರೂ ಬರುವುವು. ಭಕ್ತಜನರಲ್ಲಿ ಅಕ್ಕ ನಾಗಮ್ಮನ ಕಥೆಯು ಮನೆಮಾತು; ಅಗ್ರಜನೊಬ್ಬನ ಮಾತು ಅಷ್ಟು ಪ್ರಚುರವಲ್ಲ. ಪುರಾಣಕಾರನು ಕಥೆಗೆ ಬೇಕಾದವರನ್ನು ಉಳಿಸಿಕೊಳ್ಳುವನು. ದತ್ತಿಯನ್ನು ಬರೆಯಿಸುವವನು ವಂಶಕ್ಕೆ ಸೇರಿದವರನ್ನು ಹೆಸರಿಸುವನು. ಇಬ್ಬರೂ ಸುಳ್ಳುಗಾರರಲ್ಲ, ಅವರ ಪ್ರಯೋಜನಗಳು ಬೇರೆ. ಈ ಭೇದವನ್ನರಿತು, ವಂಶವಿಚಾರದಲ್ಲಿ ಶಾಸನಕ್ಕೆ ಅಗ್ರಸ್ಥಾನವನ್ನು ಕೊಟ್ಟುದು ದೇಸಾಯಿಯವರ ವಿವೇಕ.

ಸಂಸ್ಕೃತ ವಿಭಾಗದಲ್ಲಿಯೂ ಇದೇ ನಿಷ್ಠೆಯು ಬೇರೊಂದು ಬಗೆಯಾಗಿ ಫಲಿಸಿತು. ಕೆ. ಕೃಷ್ಣಮೂರ್ತಿಯವರು ಸಂಪಾದಿಸಿ ಇಂಗ್ಲಿಷಿಗೆ ಅನುವಾದಿಸಿದ ಆನಂದವರ್ಧನನ ಧ್ವನ್ಯಾಲೋಕವನ್ನು ೧೯೭೪ರಲ್ಲಿಯೂ ಕುಂತಕನ ವಕ್ರೋಕ್ತಿಜೀವಿತವನ್ನು ೧೯೭೭ರಲ್ಲಿಯೂ ವಿಶ್ವವಿದ್ಯಾಲಯವು ಅಚ್ಚುಹಾಕಿಸಿತು. ಕುಂತಕನ ಗ್ರಂಥವನ್ನು ಮೊದಲು ಬೆಳಕಿಗೆ ತಂದ ಸುಶೀಲಕುಮಾರ ಡೇ ಅವರ ಪಾಠವು ಕಡೆಯ ಭಾಗದಲ್ಲಿ ಅಪೂರ್ಣವಾಗಿದ್ದಿತು. ಅಂತಹ ಗ್ರಂಥವನ್ನು ಊಹೆಯಿಂದ ತುಂಬದೆ, ದೊರೆತ ಹಸ್ತಪ್ರತಿಗಳ ಬಲದಿಂದ ತಿದ್ದಿ ಕೊಟ್ಟುದು ಅಲಂಕಾರಶಾಸ್ತ್ರವನ್ನು ಓದುವವರೆಲ್ಲರ ಕೃತಜ್ಞತೆಗೆ ಪಾತ್ರವಾಗಿದೆ.

೩

ಆದರೆ ಈ ವಿದ್ವಾಂಸರ ಶಕ್ತಿಯನ್ನು ಪೂರ್ಣವಾಗಿ ಪರೀಕ್ಷಿಸಿದುದು ವಚನವಾಙ್ಮಯ. ಅದರ ಕಷ್ಟವು ಎಂತಹದೆಂಬುದನ್ನು ಮೊದಲು ತಿಳಿಯಬೇಕು. ಚಂಪೂಕಾವ್ಯವನ್ನು ಸಂಪಾದಿಸುವವನಿಗೆ ಛಂದಸ್ಸೇ ಕಾವಲುಗಾರ. ಲಿಪಿಕಾರನು ಒಂದು ಅಕ್ಷರವನ್ನು ಬಿಟ್ಟರೆ ಗಣವು ಕೆಡುವುದು. ಎರಡನೆಯ ಅಕ್ಷರವನ್ನು ಮಾರ್ಪಡಿಸಿದರೆ ಪ್ರಾಸವು ತಪ್ಪುವುದು. ಕಳ್ಳನು ಒಳಹೊಕ್ಕನೆಂಬುದನ್ನು ಪದ್ಯವೇ ಕೂಗಿ ಹೇಳುವುದು. ವಚನಕ್ಕೆ ಈ ಕಾವಲಿಲ್ಲ. ಒಂದು ಸಾಲನ್ನು ಸೇರಿಸಿದರೂ ಒಂದು ದೃಷ್ಟಾಂತವನ್ನು ಹೆಚ್ಚಿಸಿದರೂ ಲಯವು ಬೇಸರಗೊಳ್ಳುವುದಿಲ್ಲ. ಮೇಲಾಗಿ ಹನ್ನೆರಡನೆಯ ಶತಮಾನದ ಮಾತುಗಳು ದೊರೆತಿರುವುದು ಬಹುಮಟ್ಟಿಗೆ ಹದಿನೈದನೆಯ ಶತಮಾನದಿಂದೀಚೆಗೆ ಸಂಕಲಿತವಾದ ಕಟ್ಟುಗಳಲ್ಲಿ. ಆ ಕಟ್ಟುಗಳನ್ನು ರಚಿಸಿದವರು ಷಟ್‌ಸ್ಥಲದ ಕ್ರಮದಲ್ಲಿ ವಚನಗಳನ್ನು ಜೋಡಿಸಿದರೇ ಹೊರತು ಚರಿತ್ರೆಯ ಕ್ರಮದಲ್ಲಲ್ಲ.

ಈ ಕಾಡಿನಲ್ಲಿ ಮೊದಲ ದಾರಿಯನ್ನು ಕಡಿದವರು ಧಾರವಾಡದಲ್ಲಿ ಜನಿಸಿ ವಿಜಾಪುರದಲ್ಲಿ ನೆಲೆಸಿದ ಫ. ಗು. ಹಳಕಟ್ಟಿಯವರು. ವಕೀಲವೃತ್ತಿಯವರಾದ ಅವರು ಮನೆಮನೆಗಳಿಂದ ಓಲೆಗಳನ್ನು ಕೂಡಿಸಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ೧೯೨೩ರಲ್ಲಿ ಪ್ರಕಟಿಸಿದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ತೊಡಗಿದರು. ಅವರದು ಉದ್ಧಾರಕಾರ್ಯ, ಮುಳುಗುವ ಹಡಗಿನಿಂದ ಸಾಮಾನನ್ನು ದಡಕ್ಕೆ ಎಸೆಯುವವನಿಗೆ ಅದನ್ನು ಒಪ್ಪವಾಗಿ ಜೋಡಿಸಲು ಹೊತ್ತಿರುವುದಿಲ್ಲ. ಜೋಡಿಸುವ ಹೊಣೆಯು ವಿಶ್ವವಿದ್ಯಾಲಯದ ಪಾಲಿಗೆ ಬಂದಿತು. ಸಂ. ಶಿ. ಭೂಸನೂರಮಠರು ಶೂನ್ಯಸಂಪಾದನೆಯ ಪಾಠವನ್ನೂ ಅರ್ಥವನ್ನೂ ಕುರಿತು ದೀರ್ಘಕಾಲ ದುಡಿದರು. ಆರ್. ಸಿ. ಹಿರೇಮಠರು ಕನ್ನಡ ಅಧ್ಯಯನಪೀಠವನ್ನು ಕಟ್ಟಿ ಬೆಳೆಸಿ, ಬಸವಣ್ಣನವರ ವಚನಗಳನ್ನು ೧೯೬೮ರಲ್ಲಿ ಹಸ್ತಪ್ರತಿಗಳ ಆಧಾರದಿಂದ ಸಂಪಾದಿಸಿದರು; ಇತರ ಶರಣರ ವಚನಗಳನ್ನೂ ಇದೇ ಕ್ರಮದಲ್ಲಿ ತೆಗೆದುಕೊಂಡರು. ಎಸ್. ಸಿ. ನಂದೀಮಠ, ಅರ್ಮಾಂಡೊ ಮೆನೆಜಿಸ್, ಹಿರೇಮಠ, ಭೂಸನೂರಮಠ, ಎಂ. ಎಸ್. ಸುಂಕಾಪುರ ಇವರ ಶ್ರಮದಿಂದ ಶೂನ್ಯಸಂಪಾದನೆಯು ೧೯೬೫ರಿಂದ ೧೯೭೨ರವರೆಗೆ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ಬಂದಿತು. ವೀರಶೈವ ವಿದ್ವಾಂಸರೊಡನೆ ಮೆನೆಜಿಸರಂತಹ ಕ್ರೈಸ್ತ ಕವಿಯೊಬ್ಬರು ಕುಳಿತು ಅಲ್ಲಮನ ಸಂವಾದಗಳನ್ನು ಭಾಷಾಂತರಿಸಿದುದು ಆ ವಿದ್ಯಾಪೀಠದ ಅಂದಿನ ಮನೋವೈಶಾಲ್ಯಕ್ಕೆ ಸಾಕ್ಷಿಯಾಗಿದೆ.

೪

ಈ ಪರಂಪರೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಅದರ ಗುಣದೋಷಗಳೆರಡನ್ನೂ ತಮ್ಮಲ್ಲಿ ಎದ್ದು ಕಾಣುವಂತೆ ಮಾಡಿದವರು ಎಂ. ಎಂ. ಕಲಬುರ್ಗಿಯವರು. ೧೯೩೮ರಲ್ಲಿ ಜನಿಸಿದ ಇವರು ೧೯೬೨ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಿಂದ ಕನ್ನಡದಲ್ಲಿ ಎಂ. ಎ. ಪದವಿಯನ್ನು ಪಡೆದು, ಕರ್ನಾಟಕ ಕಾಲೇಜಿನಲ್ಲಿಯೂ ತರುವಾಯ ವಿಶ್ವವಿದ್ಯಾಲಯದಲ್ಲಿಯೂ ಅಧ್ಯಾಪಕರಾದರು. ೧೯೯೮ರಿಂದ ೨೦೦೧ರವರೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಅವರ ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ ೨೦೦೬ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿಯು ದೊರೆಯಿತು.

೧೯೬೮ರಲ್ಲಿ ಅವರಿಗೆ ಡಾಕ್ಟರೇಟನ್ನು ತಂದುಕೊಟ್ಟು ೧೯೭೩ರಲ್ಲಿ ಅಚ್ಚಾದ ಪ್ರಬಂಧದ ಹೆಸರು ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’. ಇದರಲ್ಲಿ ‘ಪರಿಸರ’ವೆಂಬ ಪದವೇ ಜೀವಾಳ. ಕವಿರಾಜಮಾರ್ಗವನ್ನು ಕೆ. ಬಿ. ಪಾಠಕರು ೧೮೯೮ರಲ್ಲಿ ಪ್ರಕಟಿಸಿದಂದಿನಿಂದ ವಿದ್ವಾಂಸರ ಚರ್ಚೆಯು ಕರ್ತೃತ್ವದ ಸುತ್ತಲೇ ಹೆಚ್ಚಾಗಿ ಸುಳಿಯಿತು: ನೃಪತುಂಗನೋ ಶ್ರೀವಿಜಯನೋ ಎಂಬ ಪ್ರಶ್ನೆ, ದಂಡಿಯ ಕಾವ್ಯಾದರ್ಶದಿಂದ ಬಂದುದೆಷ್ಟು ಎಂಬ ಪ್ರಶ್ನೆ. ಇವು ಬೇಕಾದುವೇ. ಆದರೆ ಆ ಗ್ರಂಥವು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನು ಹೆಸರಿಸುವುದು. ಅವರ ಒಂದು ಓಲೆಯೂ ಉಳಿದಿಲ್ಲ. ಉಳಿದಿಲ್ಲವಾದುದರಿಂದ ಇರಲೇ ಇಲ್ಲವೆನ್ನುವವರು ಒಂದು ಕಡೆ. ಹೆಸರಿರುವುದರಿಂದ ಮಹಾಕಾವ್ಯಗಳೇ ಇದ್ದುವೆನ್ನುವವರು ಇನ್ನೊಂದು ಕಡೆ. ಈ ಎರಡು ಅತಿಗಳ ನಡುವೆ ನಡೆಯಬೇಕಾದರೆ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಗಳನ್ನೂ ಶ್ರವಣಬೆಳಗೊಳದ ನಿಸಿದಿಗಳ ಪದ್ಯಗಳನ್ನೂ ಸಾಕ್ಷಿಗೆ ಕರೆಯಬೇಕು. ಒಂದು ಗ್ರಂಥವನ್ನು ಅದರ ಸುತ್ತಣ ಕಲ್ಲು, ಮತ, ಆಸ್ಥಾನ, ಪ್ರಾಂತ ಇವುಗಳೊಡನೆ ಓದಬೇಕೆಂಬ ಪದ್ಧತಿಯು ಇಲ್ಲಿ ರೂಪುಗೊಂಡಿತು. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಯೆಂದು ಹೇಳುವ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ಸೀಮೆಯ ಅಂಚಿನಲ್ಲಿಯೇ ಧಾರವಾಡವಿರುವುದರಿಂದ ಇಲ್ಲಿಯ ವಿದ್ಯಾರ್ಥಿಗೆ ಆ ಪರಿಸರವು ನಕ್ಷೆಯ ಮಾತಲ್ಲ, ನಡೆದು ನೋಡಬಹುದಾದ ನೆಲ.

ಎರಡನೆಯದಾಗಿ, ಅವರ ‘ಕನ್ನಡ ಗ್ರಂಥಸಂಪಾದನ ಶಾಸ್ತ್ರ’ವು ೧೯೭೨ರಲ್ಲಿ ಹೊರಬಂದಿತು. ಇದಕ್ಕೆ ಮೊದಲು, ೧೯೬೪ರಲ್ಲಿ, ಮೈಸೂರಿನ ಡಿ. ಎಲ್. ನರಸಿಂಹಾಚಾರ್ಯರು ಕನ್ನಡ ಗ್ರಂಥಸಂಪಾದನೆಯನ್ನು ಕುರಿತು ಬರೆದ ಗ್ರಂಥವು ಈ ಕ್ಷೇತ್ರದ ಆಚಾರ್ಯಕೃತಿಯಾಗಿದ್ದಿತು. ಎರಡು ವಿದ್ಯಾಪೀಠಗಳಲ್ಲಿಯೂ ಈ ಶಾಸ್ತ್ರಕ್ಕೆ ಸ್ವತಂತ್ರಗ್ರಂಥಗಳು ಹುಟ್ಟಿದುದು ಕನ್ನಡದ ಭಾಗ್ಯ. ಚಂಪೂಕಾವ್ಯಗಳನ್ನು ಪರಿಷ್ಕರಿಸಿದವರ ಅನುಭವದೊಡನೆ ವಚನ, ಶಾಸನಗಳಲ್ಲಿ ಪಳಗಿದವರ ಅನುಭವವೂ ಕೂಡಿದಾಗಲೇ ಶಾಸ್ತ್ರವು ಸರ್ವಾಂಗವಾಗುವುದು.

ಮೂರನೆಯದಾಗಿ, ‘ಧಾರವಾಡ ಜಿಲ್ಲೆಯ ಶಾಸನಸೂಚಿ’ (೧೯೭೫), ‘ಶಾಸನಗಳಲ್ಲಿ ಶಿವಶರಣರು’, ‘ಶಾಸನ ವ್ಯಾಸಂಗ’ ಮೊದಲಾದುವು. ಸೂಚಿಯನ್ನು ತಯಾರಿಸುವುದು ಕೀರ್ತಿಯನ್ನು ತರುವ ಕೆಲಸವಲ್ಲ. ಅದನ್ನು ಉಪಯೋಗಿಸಿದವನು ಕರ್ತನ ಹೆಸರನ್ನು ಮರೆಯುವನು. ಆದರೂ ಸೂಚಿಯಿಲ್ಲದೆ ಸಿದ್ಧಾಂತವಿಲ್ಲ. ಮೇಲಾಗಿ, ಕರ್ನಾಟಕ ಸರಕಾರವು ೧೯೯೩ರಲ್ಲಿ ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿದ ‘ಸಮಗ್ರ ವಚನ ಸಂಪುಟ’ಕ್ಕೆ ಅವರು ಪ್ರಧಾನ ಸಂಪಾದಕರಾಗಿದ್ದರು. ಇಪ್ಪತ್ತು ಸಾವಿರದಷ್ಟು ವಚನಗಳು ಒಂದೇ ಮಾಲೆಯಲ್ಲಿ ಸುಲಭವಾಗಿ ದೊರೆಯುವಂತಾದುದು ಹಳಕಟ್ಟಿಯವರ ಕನಸಿನ ಪೂರ್ತಿಯೆಂದೇ ಹೇಳಬೇಕು.

೫

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳದಿದ್ದರೆ ವಿಮರ್ಶೆಯು ಸ್ತೋತ್ರವಾಗುವುದು.

ಶಾಸನವನ್ನು ನೆಚ್ಚಿದವರಿಗೆ ಸಹಜವಾಗಿ ಒದಗುವ ಮೊದಲ ದೋಷವು ಅನುಪಲಬ್ಧಿಯ ಅತಿಪ್ರಯೋಗ. ಶಾಸನದಲ್ಲಿ ಹೆಸರಿಲ್ಲ, ಆದುದರಿಂದ ಆ ವ್ಯಕ್ತಿಯಿರಲಿಲ್ಲವೆಂಬ ವಾದವು ಮೇಲುನೋಟಕ್ಕೆ ಗಟ್ಟಿಯಾಗಿ ತೋರುವುದು. ಆದರೆ ಶಾಸ್ತ್ರಕಾರರು ಯೋಗ್ಯ ಅನುಪಲಬ್ಧಿಯನ್ನು ಮಾತ್ರ ಪ್ರಮಾಣವೆಂದು ಒಪ್ಪುವರು. ಬೆಳಕಿರುವ ಮನೆಯಲ್ಲಿ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆನ್ನಬಹುದು. ಕತ್ತಲೆಯ ಮನೆಯಲ್ಲಿ ಹಾಗೆನ್ನಲಾಗದು. ಶಾಸನವು ದಾನ, ಯುದ್ಧ, ಮರಣ, ದೇವಾಲಯಗಳ ವಿಷಯದಲ್ಲಿ ಬೆಳಕಿರುವ ಮನೆ; ಕಾಯಕದಿಂದ ಬಾಳಿದ ಬಡವನ ವಿಷಯದಲ್ಲಿ ಕತ್ತಲೆಯ ಮನೆ. ಭೂಮಿಯನ್ನು ದಾನಮಾಡದ ಮಡಿವಾಳನೂ ಅಂಬಿಗನೂ ಕಲ್ಲಿನಲ್ಲಿ ಕಾಣದಿರುವುದು ಆಶ್ಚರ್ಯವಲ್ಲ. ಮತ್ತು ಕಲ್ಲೂ ತಾಮ್ರವೂ ಅಪೌರುಷೇಯವಲ್ಲ. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟರು ಎಂದೋ ಎಚ್ಚರಿಸಿದರು. ಶ್ರುತಿಯೆಂದು ಹಿಡಿದುದು ಒಮ್ಮೊಮ್ಮೆ ಕೃತಕವಾಗಿರಬಹುದು.

ಎರಡನೆಯದು ಅಂಕಿತವನ್ನು ಕುರಿತದು. ವಚನದ ಕರ್ತನನ್ನು ಅಂಕಿತದಿಂದ ಗುರುತಿಸುವುದು ರೂಢಿ. ಆದರೆ ಅಂಕಿತವೆಂಬುದು ಹೆಸರಿನ ಸಾಕ್ಷಿ. ಮೀಮಾಂಸಕರ ಎಣಿಕೆಯಲ್ಲಿ ಅದು ಸಮಾಖ್ಯೆಯ ಪಕ್ಕದಲ್ಲಿ ನಿಲ್ಲತಕ್ಕುದು. ಪ್ರಸಿದ್ಧ ಅಂಕಿತದಲ್ಲಿ ತಾನೊಂದು ವಚನವನ್ನು ನುಡಿಯುವ ಆಶೆಯು ಮುಂದಿನ ಭಕ್ತನಿಗೆ ಹುಟ್ಟುವುದು ಸಹಜ. ಭಾಷೆ, ಪ್ರಕರಣ, ಹಸ್ತಪ್ರತಿಯ ಪ್ರಾಚೀನತೆ, ಟೀಕಾಕಾರರ ಉದ್ಧರಣೆ ಇವುಗಳಿಂದ ಬಾಧೆಯಿಲ್ಲದಾಗ ಮಾತ್ರ ಅಂಕಿತವು ಕರ್ತೃತ್ವವನ್ನು ನಿಶ್ಚಯಿಸುವುದು. ಸಮಗ್ರ ವಚನ ಸಂಪುಟವು ಜನಪ್ರಿಯ ಆವೃತ್ತಿಯಾಗಿ ಯೋಜಿತವಾದುದರಿಂದ ಸರ್ವಪಾಠಾಂತರಗಳನ್ನೂ ಕೊಡುವುದು ಅದರ ಉದ್ದೇಶವಲ್ಲ. ಆದರೆ ಓದುಗರೂ ಕೆಲವು ಅಧ್ಯಾಪಕರೂ ಅದನ್ನೇ ಅಂತಿಮಪಾಠವೆಂದು ಹಿಡಿದು, ಅದರ ಒಂದೊಂದು ಪದದ ಮೇಲೆ ಹನ್ನೆರಡನೆಯ ಶತಮಾನದ ಸಮಾಜವನ್ನು ಕಟ್ಟುತ್ತಿರುವುದು ಅಪಾಯಕರ. ಈ ದೋಷವು ಸಂಪಾದಕರದಕ್ಕಿಂತ ಉಪಯೋಗಿಸುವವರದು.

ಮೂರನೆಯದು ವಚನದ ಭಾವವನ್ನು ಚರಿತ್ರೆಯಾಗಿ ಓದುವುದು. ‘ಮಾರ್ಗ’ದ ಮೊದಲ ಸಂಪುಟದಲ್ಲಿ ಕಲಬುರ್ಗಿಯವರು ಚೆನ್ನಬಸವಣ್ಣನ ಜನ್ಮವನ್ನೂ, ನೀಲಾಂಬಿಕೆಯ ವಚನಗಳ ಆಧಾರದಿಂದ ಆಕೆಯ ದಾಂಪತ್ಯದ ಸ್ವರೂಪವನ್ನೂ ಚರ್ಚಿಸಿದ್ದರು. ಇಲ್ಲಿ ವಿಮರ್ಶಕನಿಗೆ ಆಕ್ಷೇಪಿಸಲು ಎಡೆಯುಂಟು. ವಚನದಲ್ಲಿ ಶರಣನು ಸತಿಯಾಗುವನು, ಲಿಂಗವು ಪತಿಯಾಗುವುದು. ಸಂಸಾರದ ಮಾತೆಲ್ಲವೂ ಅನುಭಾವದ ಮಾತಾಗಿ ಹೊರಳುವುದು. ಬೆಡಗಿನಲ್ಲಿ ಮುಖ್ಯಾರ್ಥವು ಬಾಧಿತವಾಗುವುದೇ ನಿಯಮ. ಎಲ್ಲಿ ಲಕ್ಷಣೆಯು ಪ್ರಧಾನವೋ ಅಲ್ಲಿ ಅಭಿಧೆಯಿಂದ ಗೃಹಕೃತ್ಯವನ್ನು ಊಹಿಸುವುದು ದುರ್ಬಲ ಹೇತು. ಬೇರೊಂದು ಸ್ವತಂತ್ರ ಸಾಕ್ಷಿಯಿಲ್ಲದೆ ಅದು ಸಂಭಾವನೆಯಾಗಿ ಉಳಿಯುವುದೇ ಹೊರತು ಸಿದ್ಧಾಂತವಾಗಲಾರದು. ಈ ಆಕ್ಷೇಪಕ್ಕೂ ಪ್ರತ್ಯಾಕ್ಷೇಪವನ್ನು ಹೇಳಬಹುದು: ಕಥನಕಾರರು ತಿದ್ದಿದ ಜೀವನಚರಿತ್ರೆಗಿಂತ ವ್ಯಕ್ತಿಯ ಸ್ವಂತ ನುಡಿಯೇ ಸಮೀಪದ ಸಾಕ್ಷಿಯಲ್ಲವೆ? ಆಗ ಆ ನುಡಿಗಳ ಪಾಠಶುದ್ಧಿಯನ್ನೂ ಕರ್ತೃತ್ವವನ್ನೂ ಮೊದಲು ಸಾಧಿಸಬೇಕೆಂದು ಮರಳಿ ಉತ್ತರಿಸಬಹುದು. ಹೀಗೆ ವಾದವು ಬೆಳೆಯುವುದು; ಬೆಳೆದಷ್ಟೂ ವಿಷಯವು ತಿಳಿಯಾಗುವುದು.

೬

ಆದರೆ ನಡೆದುದು ಹೀಗಲ್ಲ. ಆ ಲೇಖನಗಳ ಮೇಲೆ ಎದ್ದ ಕೋಲಾಹಲದಲ್ಲಿ, ೧೯೮೯ರಲ್ಲಿ, ಕಲಬುರ್ಗಿಯವರು ಒತ್ತಡಕ್ಕೆ ಒಳಗಾಗಿ ತಮ್ಮ ನಿರ್ಣಯಗಳನ್ನು ಹಿಂದೆಗೆದುಕೊಳ್ಳಬೇಕಾಯಿತು. ಕುಟುಂಬದವರ ಪ್ರಾಣರಕ್ಷಣೆಗಾಗಿ ಹಾಗೆ ಮಾಡಿದುದಾಗಿಯೂ, ಅದು ತಮ್ಮ ಪಾಲಿಗೆ ಬೌದ್ಧಿಕವಾದ ಆತ್ಮಹತ್ಯೆಯಾಯಿತೆಂದೂ ಅವರೇ ಹೇಳಿಕೊಂಡರು.

ಇದನ್ನು ಶಾಸ್ತ್ರದೃಷ್ಟಿಯಿಂದ ನೋಡತಕ್ಕುದು. ಗೌತಮನ ನ್ಯಾಯದರ್ಶನವು ವಾದದಲ್ಲಿ ಸೋಲುವ ಬಗೆಗಳನ್ನು ನಿಗ್ರಹಸ್ಥಾನಗಳೆಂದು ಕರೆದು ಇಪ್ಪತ್ತೆರಡಾಗಿ ಎಣಿಸಿರುವುದು. ಹೇತುವು ಆಭಾಸವಾದರೆ ಸೋಲು. ಉತ್ತರವು ಹೊಳೆಯದಿದ್ದರೆ ಸೋಲು. ಅರ್ಥವಿಲ್ಲದ ಮಾತನ್ನಾಡಿದರೆ ಸೋಲು. ಎದುರಾಳಿಯ ಭಯದಿಂದ ಸೋಲೆಂಬುದು ಆ ಇಪ್ಪತ್ತೆರಡರಲ್ಲಿ ಇಲ್ಲ. ಪ್ರತಿಜ್ಞಾಸಂನ್ಯಾಸವೆಂಬ ನಿಗ್ರಹಸ್ಥಾನವೊಂದುಂಟು, ವಾದಿಯು ತನ್ನ ಪ್ರತಿಜ್ಞೆಯನ್ನೇ ಕೈಬಿಡುವುದು ಅದರ ಸ್ವರೂಪ. ಆದರೆ ಅವನ ಪಕ್ಷವು ಪ್ರತಿಷಿದ್ಧವಾದಾಗ, ಎಂದರೆ ದೋಷವನ್ನು ತೋರಿಸಿ ಖಂಡಿಸಿದಾಗ, ಕೈಬಿಟ್ಟರೆ ಮಾತ್ರ ಅದು ನಿಗ್ರಹ. ಖಂಡನೆಯಿಲ್ಲದೆ, ಬಲಾತ್ಕಾರದಿಂದ ಕೈಬಿಡಿಸಿದುದು ವಾದಿಯ ಸೋಲಲ್ಲ. ಅಲ್ಲಿ ವಾದವೇ ನಡೆದಿಲ್ಲ. ಆದುದರಿಂದ ೧೯೮೯ರ ಪ್ರಸಂಗದಿಂದ ಕಲಬುರ್ಗಿಯವರ ಆ ನಿರ್ಣಯಗಳು ಸುಳ್ಳೆಂದು ಸಿದ್ಧವಾಗಲಿಲ್ಲ, ನಿಜವೆಂದೂ ಆಗಲಿಲ್ಲ. ಪ್ರಶ್ನೆಯು ಇದ್ದಲ್ಲಿಯೇ ಇರುವುದು. ಬಲಾತ್ಕಾರದಿಂದ ಆದ ನಷ್ಟವೆಂದರೆ ಇದೇ: ಅದು ತಪ್ಪನ್ನು ತಿದ್ದುವುದಿಲ್ಲ, ತಿದ್ದುವ ದಾರಿಯನ್ನೇ ಮುಚ್ಚುವುದು. ಆ ನಿರ್ಣಯಗಳನ್ನು ಯುಕ್ತಿಯಿಂದ ಖಂಡಿಸಬಲ್ಲ ವಿದ್ವಾಂಸನೂ ಅನ್ಯಾಯದ ಪಕ್ಷಕ್ಕೆ ಸೇರಿದವನೆಂಬ ಅಪವಾದಕ್ಕೆ ಅಂಜಿ ಸುಮ್ಮನಾಗುವನು. ಸಮರ್ಥಿಸಬಲ್ಲವನೂ ಜೀವಕ್ಕೆ ಅಂಜಿ ಸುಮ್ಮನಾಗುವನು.

ಕಲಬುರ್ಗಿಯವರು ಮಾತ್ರ ಕೆಲಸವನ್ನು ನಿಲ್ಲಿಸಲಿಲ್ಲ. ಸಮಗ್ರ ವಚನ ಸಂಪುಟವೂ ಹಂಪಿಯ ಆಡಳಿತವೂ ‘ಮಾರ್ಗ’ದ ಮುಂದಿನ ಸಂಪುಟಗಳೂ ಆ ಪ್ರಸಂಗದ ಅನಂತರದವು. ೨೦೧೫ನೆಯ ಇಸವಿಯ ಆಗಸ್ಟ್ ೩೦ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ತಮ್ಮ ಮನೆಯಲ್ಲಿ ಅವರು ಗುಂಡಿಗೆ ಬಲಿಯಾದರು. ಆಗ ಅವರಿಗೆ ಎಪ್ಪತ್ತಾರು ವರುಷ. ವಿದ್ವಾಂಸನ ಮನೆಯ ಬಾಗಿಲನ್ನು ತಟ್ಟಿದವರು ಪೂರ್ವಪಕ್ಷವನ್ನು ತಂದಿರಲಿಲ್ಲ. ಕನ್ನಡದ ಸಂಶೋಧನೆಗೆ ಇದಕ್ಕಿಂತ ದೊಡ್ಡ ಅಪಮಾನವು ಹಿಂದೆ ನಡೆದುದನ್ನು ಹೇಳಲು ಬಾರದು.

೭

ಇಂತಹ ಮರಣದ ಅನಂತರ ಎರಡು ಬಗೆಯ ಅಪಾಯಗಳು ವಿದ್ಯಾಪೀಠವನ್ನು ಕಾಯ್ದಿರುವುವು. ಒಂದು, ಭಯದಿಂದ ಕಠಿನ ಪ್ರಶ್ನೆಗಳನ್ನು ಬಿಟ್ಟು, ನಿರಪಾಯಕರವಾದ ವಿಷಯಗಳ ಮೇಲೆ ಪ್ರಬಂಧಗಳನ್ನು ರಾಶಿಹಾಕುವುದು. ಇನ್ನೊಂದು, ಭಕ್ತಿಯಿಂದ ಅಗಲಿದ ವಿದ್ವಾಂಸನ ಮಾತನ್ನೆಲ್ಲ ಸಿದ್ಧಾಂತವೆಂದು ಪೂಜಿಸುವುದು. ಎರಡರಲ್ಲಿಯೂ ಪ್ರಮಾಣವು ಹಿಂದೆ ಸರಿಯುವುದು. ಪುರಾಣದ ಪ್ರಾಬಲ್ಯವನ್ನು ಕಳೆಯಲು ಬಾಳನ್ನು ಸವೆಸಿದವರ ಸುತ್ತ ಹೊಸ ಪುರಾಣವನ್ನು ಕಟ್ಟುವುದು ಅವರಿಗೆ ಮಾಡುವ ಗೌರವವಲ್ಲ. ದೇಸಾಯಿಯವರ ನಿರ್ಣಯಗಳನ್ನೂ ಹಿರೇಮಠರ ಪಾಠಗಳನ್ನೂ ಕಲಬುರ್ಗಿಯವರ ಊಹೆಗಳನ್ನೂ ಒಂದೊಂದಾಗಿ ತೆಗೆದು, ನಿಲ್ಲುವುದನ್ನು ನಿಲ್ಲಿಸಿ ಬೀಳುವುದನ್ನು ಬೀಳಿಸುವ ಶಿಷ್ಯನೇ ಆ ಪರಂಪರೆಯ ನಿಜವಾದ ವಾರಸುದಾರನು.

ಅದಕ್ಕೆ ಮಾಡತಕ್ಕ ಕೆಲಸಗಳು ಸ್ಪಷ್ಟವಾಗಿವೆ. ಪ್ರಮುಖ ವಚನಕಾರರ ವಚನಗಳಿಗೆ ಸಮಸ್ತ ಪಾಠಾಂತರಗಳನ್ನೂ ಹಸ್ತಪ್ರತಿಗಳ ಪರಸ್ಪರ ಸಂಬಂಧವನ್ನೂ ತೋರಿಸುವ ವಿಮರ್ಶಾತ್ಮಕ ಆವೃತ್ತಿಯು ಬೇಕು. ಒಂದೊಂದು ವಚನವು ಯಾವ ಕಟ್ಟಿನಲ್ಲಿ, ಯಾವ ಕಾಲದ ಪ್ರತಿಯಲ್ಲಿ, ಯಾವ ಟೀಕೆಯಲ್ಲಿ ಮೊದಲು ಕಾಣುವುದೆಂಬುದರ ಸೂಚಿಯು ಬೇಕು. ಆ ಸೂಚಿಯು ಸಿದ್ಧವಾದಾಗ ಅಂಕಿತದ ದೌರ್ಬಲ್ಯಕ್ಕೆ ಆಧಾರವು ದೊರೆಯುವುದು. ೧೯೮೯ರಲ್ಲಿ ಗದ್ದಲದಲ್ಲಿ ಮುಳುಗಿದ ಪ್ರಶ್ನೆಗಳನ್ನೂ ಶಾಂತವಾಗಿ ಮತ್ತೆ ಎತ್ತಬಹುದು. ಸಂಸ್ಕೃತವನ್ನು ಬಲ್ಲವರೂ ಶಾಸನವನ್ನು ಬಲ್ಲವರೂ ಹಸ್ತಪ್ರತಿಯನ್ನು ಬಲ್ಲವರೂ ಒಂದೇ ಮಾಡಿನ ಕೆಳಗೆ ಕುಳಿತರೆ ಮಾತ್ರ ಇದು ಸಾಧ್ಯ. ಧಾರವಾಡದಲ್ಲಿ ಒಂದು ಕಾಲಕ್ಕೆ ಅವರು ಹಾಗೆ ಕುಳಿತಿದ್ದರೆಂಬುದನ್ನು ಮೇಲೆ ಹೇಳಿದ ಗ್ರಂಥಗಳೇ ಸಾರುವುವು.

ರಾಯಾಪುರದ ರಾಯನು ಯಾರೆಂಬ ಪ್ರಶ್ನೆಗೆ ಹೆಸರಿನಿಂದಲೇ ಉತ್ತರವನ್ನು ಕಟ್ಟುವುದು ಸುಲಭ. ಆ ಉತ್ತರವನ್ನು ಒಪ್ಪದವನನ್ನು ಗದರಿಸುವುದು ಇನ್ನೂ ಸುಲಭ. ಸಾಕ್ಷಿಯು ದೊರೆಯುವವರೆಗೆ ಮೂವರನ್ನೂ ಬಾಗಿಲಲ್ಲಿ ನಿಲ್ಲಿಸಿ ಕಾಯುವುದು ಕಷ್ಟ. ಆ ಕಷ್ಟವನ್ನು ಒಪ್ಪಿಕೊಂಡುದೇ ಧಾರವಾಡದ ವಿದ್ವಾಂಸರ ಹಿರಿಮೆ. ಅದನ್ನು ಮುಂದುವರಿಸುವುದು ಅಲ್ಲಿ ಕಲಿತವರ ಹಾಗೂ ಕಲಿಸುವವರ ಋಣ.